ಕಂಡಕ್ಟರ್ ಬಾಯಾರ ಕೈಗೆ ಕತ್ತಿ ಬಂತು

ನಗುವಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಅವೇ ಕೈ ಮಾಡಿ ನನ್ನ ಬಸ್ಸು ನಿಲ್ಲಿಸಿ ಹತ್ತುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ಹದಿಮೂರು ವರ್ಷದಿಂದ ಕಂಡಕ್ಟರಿಕೆ ಮಾಡುತ್ತಿದ್ದೇನೆ. ಬಸ್ಸಿನಲ್ಲಿ ಕೋಳಿ ಬಿಟ್ಟು ಇಳಿದವರನ್ನು ಕಂಡಿದ್ದೇನೆ, ಗಂಡನನ್ನೇ ನಿಲ್ದಾಣದಲ್ಲಿ ಮರೆತು ಹತ್ತಿದವರನ್ನೂ ಕಂಡಿದ್ದೇನೆ. ಆದರೆ ಮೂವತ್ತೊಂಬತ್ತನೆಯ ವಯಸ್ಸಿಗೆ ಫೆನ್ಸಿಂಗ್ ಎಂಬ ಕತ್ತಿಯಾಟ ಕಲಿಯಲು ಹೋದ ಆ ಐದು ತಿಂಗಳಲ್ಲಿ ಆದಷ್ಟು ಮೋಜು ಈ ಹದಿಮೂರು ವರ್ಷದಲ್ಲಿ ಆಗಿರಲಿಲ್ಲ. ಊರಿನವರು ಈಗಾಗಲೇ ಕೈಕಾಲು ಸೇರಿಸಿ ಹೇಳುತ್ತಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ. ನಡುನಡುವೆ ಜಂಬ ಕಂಡರೆ ತಪ್ಪು ತಿಳಿಯಬೇಡಿ. ಅದು ಜಂಬವೇ.

೧. ಒಳಗ ಸರಿ

ಮೊದಲು ಕತ್ತಿ ಹಿಡಿದವಳು ನನ್ನ ಮಗಳು. ಒಂಬತ್ತನೆಯ ತರಗತಿ, ಮೂಗಿನ ತುದಿಯಲ್ಲೇ ಸಿಟ್ಟು. ಸಾಲಹಳ್ಳಿ ಕಡೆಯ ಒಬ್ಬ ಹುಡುಗ ಎಲ್ಲೋ ಹೊರಗೆ ಈ ವಿದ್ಯೆ ಕಲಿತು ಬಂದು ಬೈಲಹೊಂಗಲದ ಒಂದು ಶಾಲೆಯ ಹಾಲ್‌ನಲ್ಲಿ ಸಂಜೆ ಕಲಿಸುತ್ತಿದ್ದ. ವಯಸ್ಸು ಇಪ್ಪತ್ತಾರು ಇದ್ದರೂ ಎಲ್ಲರಿಗೂ ಅವರು 'ಸರ್'. ದಸರೆ ಮುಗಿದ ಮರುದಿನ ರಾಮದುರ್ಗದಲ್ಲಿ ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ತಂಡಗಳ ಪಂದ್ಯ ಇತ್ತು. ಗೆದ್ದವರಿಗೆ ಬೆಳಗಾವಿಯಲ್ಲಿ ಆಡುವ ಅವಕಾಶ. ಅಲ್ಲಿಗೆ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಬರುತ್ತಾರೆ. ಮಗಳಿಗೆ ಊಟ, ನಿದ್ದೆ, ಕನಸು ಎಲ್ಲ ಆ ಹಾಸ್ಟೆಲ್ಲೇ.

ತಂಡಕ್ಕೆ ನಾಲ್ಕು ಜನ ಬೇಕು, ಮೂವರು ಆಡುವವರು, ಒಬ್ಬರು ಬದಲಿ. ಮಗಳು, ಒಬ್ಬ ಕಾಲೇಜಿನ ಹುಡುಗಿ, ಒಬ್ಬ ನರ್ಸ್ ಬಾಯಿ ಇದ್ದರು. ನಾಲ್ಕನೆಯ ಹುಡುಗಿಗೆ ಲಗ್ನ ಗೊತ್ತಾಯಿತು. ಬೀಗರು, 'ನಮ್ಮ ಮನಿಗೆ ಸೌಟ ಹಿಡಿಯಾಕಿ ಬೇಕು, ಕತ್ತಿ ಹಿಡಿಯಾಕಿ ಬ್ಯಾಡ' ಅಂದರಂತೆ. ಹೆಸರು ಕೊಡುವ ಕಡೆಯ ದಿನ ಬಂದರೂ ನಾಲ್ಕನೆಯವಳು ಸಿಗಲಿಲ್ಲ. ಮಗಳು ಹಾಲ್‌ನ ಮೂಲೆಯಲ್ಲಿ ಅಳುತ್ತಾ ಕೂತಿದ್ದಳು. ನಾನು ಡ್ಯೂಟಿ ಮುಗಿಸಿ ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದೆ. ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಕ್ಕಾರ, ನೀವ ನಿಂದರ್ರಿ. ಬರೇ ಹೆಸರಿಗಷ್ಟ. ನೀವು ಆಡೂ ಪ್ರಸಂಗನ ಬರೂದಿಲ್ಲ."

ಮಗಳು ಅಳು ನಿಲ್ಲಿಸಿ ಗಾಬರಿಯಾದಳು. ಅವಳಿಗೆ ನನ್ನ ದನಿಯ ಭಯ. ಗೆಳತಿಯರ ಮುಂದೆ 'ನಮ್ಮವ್ವ ಸರಕಾರಿ ನೌಕರಿಯಾಗ ಅದಾಳ' ಅಂತಷ್ಟೇ ಹೇಳುವವಳು, ಕಂಡಕ್ಟರ್ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಒಳಗೊಳಗೆ ಚುಚ್ಚುತ್ತಿತ್ತು ಕೂಡ. ಕಡೆಗೆ ಅವಳು ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಬರ್ತಿದ್ರ ಬಾ. ಆದ್ರ ಅವ್ವಾ, ಮಂದಿ ಮುಂದ ಬಾಯಿ ತಗೀಬ್ಯಾಡ."

ಆಟಕ್ಕೆ ದಪ್ಪ ಬಿಳಿ ಜಾಕೀಟು ಹಾಕಿಕೊಳ್ಳಬೇಕು. ಇದ್ದ ಜಾಕೀಟುಗಳೆಲ್ಲ ಹುಡುಗಿಯರ ಅಳತೆಯವು. ನಾನೋ, ಐವತ್ತು ಸೀಟಿನ ಬಸ್ಸಿನಲ್ಲಿ ನೂರು ಮಂದಿಯನ್ನು ತುಂಬಿಕೊಂಡು ಬಂದವಳು. ನನ್ನನ್ನೇ ತುಂಬಬೇಕಾಗಿ ಬಂದದ್ದು ಅವತ್ತೇ ಮೊದಲು. ನರ್ಸ್ ಬಾಯಿ ಎರಡೂ ಅಂಚು ಹಿಡಿದು ಕೂಡಿಸಿದರು. ಮಗಳು ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಝಿಪ್ಪು ಎಳೆಯುತ್ತಾ, ನಾನು ದಿನಾ ಬಸ್ಸಿನಲ್ಲಿ ಕೂಗುವ ಮಾತನ್ನು ನನಗೇ ಕೂಗಿದಳು: "ಒಳಗ ಸರಿ ಅವ್ವಾ, ಒಳಗ ಸರಿ! ಇನ್ನೂ ಭಾಳ ಜಾಗಾ ಐತಿ!"

೨. ನಿಲ್ಲುವ ವಿದ್ಯೆ

ಕತ್ತಿಯಾಟದಲ್ಲಿ ಮೊದಲು ಕಲಿಸುವುದು ಕತ್ತಿಯನ್ನಲ್ಲ, ನಿಲ್ಲುವುದನ್ನು. ಮುಂದಿನ ಪಾದ ಎದುರಿಗೆ, ಹಿಂದಿನ ಪಾದ ಅಡ್ಡ, ಮೊಣಕಾಲು ಬಗ್ಗಿರಬೇಕು, ಬೆನ್ನು ನೆಟ್ಟಗಿರಬೇಕು. ಹಾಗೇ ಹಿಂದೆ ಮುಂದೆ ಸರಿಯಬೇಕು. ಕಾಲೇಜಿನ ಹುಡುಗಿಯೂ ನರ್ಸ್ ಬಾಯಿಯೂ ಎರಡು ನಿಮಿಷಕ್ಕೆ ತೊಡೆ ನಡುಗಿ ಅತ್ತ ಇತ್ತ ವಾಲತೊಡಗಿದರು. ನಾನು ಹತ್ತು ನಿಮಿಷವಾದರೂ ಹೂಳಿದ ಕಲ್ಲಿನಂತೆ ನಿಂತೇ ಇದ್ದೆ. ಸರ್ ಬಂದು ಭುಜ ದೂಡಿ ನೋಡಿದರು. ಅಲುಗಲಿಲ್ಲ.

"ಅಕ್ಕಾರ, ಇದನ್ನ ಎಲ್ಲಿ ಕಲತ್ರಿ?"

"ಸವದತ್ತಿ ರೋಡಿನ್ಯಾಗ್ರಿ ಸರ್. ಹದಿಮೂರ ವರ್ಷದ ಕೋರ್ಸು."

ಖರೆ ಮಾತು. ಓಡುವ ಬಸ್ಸಿನಲ್ಲಿ ಎರಡೂ ಕೈಯಲ್ಲಿ ಟಿಕೆಟ್ ಮಷಿನ್ನು, ಚಿಲ್ಲರೆ ಹಿಡಿದು ನಿಲ್ಲುವವರಿಗೆ ಮೊಣಕಾಲು ಬಗ್ಗಿಸದಿದ್ದರೆ ಹಲ್ಲು ಉಳಿಯುವುದಿಲ್ಲ. ಇಷ್ಟು ವರ್ಷ ಅದನ್ನು ಹೊಟ್ಟೆಪಾಡು ಅಂದುಕೊಂಡಿದ್ದೆ. ಅದು ವಿದ್ಯೆ ಅಂತ ಆ ದಿನ ಗೊತ್ತಾಯಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಚೆಂದ ಕಂಡೆ.

ಸರ್‌ಗೆ ಹುರುಪು ಬಂತು. "ನಾಳಿಯಿಂದ ನಮ್ಮ ಪ್ರಾಕ್ಟೀಸು ಅಕ್ಕಾರ ಬಸ್ಸಿನ್ಯಾಗ" ಅಂದರು. ಮರುದಿನ ನೇಸರಗಿಯ ಟ್ರಿಪ್ಪಿಗೆ ತಂಡವನ್ನು ಕಟ್ಟಿಕೊಂಡು ಹತ್ತಿಯೇ ಬಿಟ್ಟರು. ಮಗಳು ನನ್ನ ಗುರುತೇ ಇಲ್ಲದವಳಂತೆ ಕಿಟಕಿಯ ಹೊರಗೆ ನೋಡುತ್ತಾ ನಿಂತಳು. ಸರ್ ನಡುಹಾದಿಯಲ್ಲಿ ಯಾವುದನ್ನೂ ಹಿಡಿಯದೆ, ಕೈಯಲ್ಲಿ ಕತ್ತಿ ಇದ್ದಂತೆ ಮುಂದೆ ಚಾಚಿ, ಮೊಣಕಾಲು ಬಗ್ಗಿಸಿ ನಿಂತು, "ನೋಡ್ರಿ, ಹಿಂಗ ನಿಂತ್ರ ಆನೀ ಬಂದು ಗುದ್ದಿದ್ರೂ ಬೀಳೂದಿಲ್ಲ" ಅಂದರು.

ಆನೆ ಬರಲಿಲ್ಲ, ರೋಡ್ ಹಂಪ್ ಬಂತು. ಸರ್ ನೇರ ಹೋಗಿ ಒಬ್ಬ ಮುದುಕಿಯ ಮಡಿಲಲ್ಲಿದ್ದ ಮೆಂತ್ಯ ಸೊಪ್ಪಿನ ಬುಟ್ಟಿಯ ಮೇಲೆ ಕೂತರು. ಮುದುಕಿ ಸೊಪ್ಪು ಕೊಡವಿಕೊಂಡು, ಅವರ ಬೆನ್ನು ಸವರಿ ಹೇಳಿದಳು: "ಮೊದ್ಲ ಕಂಬಾ ಹಿಡಿಯಾಕ ಕಲಿಯಪಾ ಮಗನ. ಕತ್ತಿ ಆಮ್ಯಾಲ ಹಿಡಿಯೂವಂತಿ."

೩. ದಿನದ ಪಾಸು

ನಾವು ಆಡುವ ಕತ್ತಿಯ ತುದಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಎದುರಿನವರ ಮೈಗೆ ಒತ್ತಿದರೆ ಗುಂಡಿ ಒಳಗೆ ಹೋಗುತ್ತದೆ, ವಾಯರಿನ ಮೂಲಕ ಪೆಟ್ಟಿಗೆಯ ಮೇಲೆ ದೀಪ ಹತ್ತುತ್ತದೆ, ಒಂದು ಅಂಕ. ತಲೆಯಿಂದ ಕಾಲಿನ ಹೆಬ್ಬೆರಳ ತನಕ ಎಲ್ಲಿ ತಾಗಿದರೂ ಅಂಕವೇ.

ಈ ಕಾಲಿನ ವಿಷಯವೇ ನನಗೆ ಕುತ್ತು ತಂದದ್ದು. ಕಾಲು ಮಂದಿಗೆ ತಾಗಲಿ, ಪುಸ್ತಕಕ್ಕೆ ತಾಗಲಿ, ಆಯುಧಕ್ಕೆ ತಾಗಲಿ, ಬಾಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ರೂಢಿ. ತುಂಬಿದ ಬಸ್ಸಿನಲ್ಲಿ ದಿನಕ್ಕೆ ಐವತ್ತು ಮಂದಿ ನನ್ನ ಕಾಲು ತುಳಿದು ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಾನೂ ಅವರ ಭುಜ ಮುಟ್ಟಿ "ಇರ್ಲಿ ಬಿಡ್ರಿ, ಮುಂದ ಹೋಗ್ರಿ" ಅನ್ನುತ್ತೇನೆ. ಎರಡೂ ತಾನಾಗಿಯೇ ಆಗುತ್ತವೆ, ತಲೆಗೆ ಕೆಲಸವಿಲ್ಲ.

ಮೊದಲ ಆಟ ಮಗಳ ಜೊತೆ. ಅವಳು ಸರ್ರನೆ ಬಂದು ನನ್ನ ಬೂಟಿನ ತುದಿಗೆ ಚುಚ್ಚಿದಳು. ಕತ್ತಿಗೆ ಕಾಲು ತಾಗಿತಲ್ಲ! ನಾನು ತಕ್ಷಣ ಬಾಗಿ ಅವಳ ಕತ್ತಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದೆ. ಮುಖದ ಮೇಲೆ ಜಾಳಿಗೆಯ ಮಾಸ್ಕು, ಬೆರಳು ಅದಕ್ಕೇ ಬಡಿಯಿತು. ಬಾಗಿದ ಬೆನ್ನಿಗೆ ಮಗಳು ಇನ್ನೊಂದು ಕೊಟ್ಟಳು. ಹೀಗೆ ಐದು ಸಲ ಕಾಲಿಗೆ, ಐದು ಸಲ ಬೆನ್ನಿಗೆ.

"ಅವ್ವಾ, ಆಟದಾಗ ಯಾರರ ನಮಸ್ಕಾರ ಮಾಡ್ತಾರೇನ? ಜಗತ್ತಿನ್ಯಾಗ ನೀ ಒಬ್ಬಾಕಿನ!" ಅಂತ ಮಗಳು ಕಾಲು ಬಡಿದಳು.

"ಆಯುಧಕ್ಕ ಕಾಲ ತಾಗಿದ್ರ ಸುಮ್ನ ಹೆಂಗ ನಿಂದ್ರಲಿ?"

ಸರ್ ಒಂದು ದಾರಿ ಹುಡುಕಿದರು. ಆಟದ ಮೊದಲು ಕತ್ತಿಯನ್ನು ಮುಖದ ಮುಂದೆ ಎತ್ತಿ ಎದುರಿನವರಿಗೆ ವಂದಿಸುವ ಪದ್ಧತಿ ಇದೆ. "ಅಕ್ಕಾರ, ಆ ಒಂದು ನಮಸ್ಕಾರದಾಗ ಇವತ್ತ ತಾಗೂ ಕಾಲೆಲ್ಲಾ ಹಿಡದಬಿಡ್ರಿ. ದಿನದ ಪಾಸ್ ಇರ್ತೈತೆಲ್ಲ, ಹಂಗ."

ಪಾಸು ಅಂದರೆ ನನಗೆ ಬೇರೆ ಹೇಳಬೇಕಾಗಿಲ್ಲ, ತಿಳಿಯಿತು. ಅವತ್ತಿನಿಂದ ಒಮ್ಮೆಯೂ ಬಾಗಲಿಲ್ಲ. ಆದರೆ ನನ್ನ ವಂದನೆ ಮಾತ್ರ ಎಷ್ಟು ಉದ್ದವಾಯಿತೆಂದರೆ, ಎದುರಿಗೆ ನಿಂತ ನರ್ಸ್ ಬಾಯಿ ಮಾಸ್ಕು ತೆಗೆದು ನೀರು ಕುಡಿದು ಬಂದರೂ ಅದು ಮುಗಿದಿರುತ್ತಿರಲಿಲ್ಲ.

೪. ಬದನೆಕಾಯಿ

ಡ್ಯೂಟಿಯಿಂದ ನೇರ ಹಾಲ್‌ಗೆ ಹೋಗುವ ದಿನ ಕತ್ತಿಯ ಉದ್ದ ಚೀಲ ಬಸ್ಸಿನಲ್ಲೇ ಇರುತ್ತಿತ್ತು. ಕಿತ್ತೂರಿನ ದಾರಿಯಲ್ಲಿ ಕತ್ತಿ ಹಿಡಿದ ಹೆಂಗಸೆಂದರೆ ಮಂದಿ ಸುಮ್ಮನಿರುತ್ತಾರೆಯೇ? "ಬಾಯಾರ, ಕುದರಿ ಎಲ್ಲಿ ಕಟ್ಟಿ ಬಂದ್ರಿ?" ಅನ್ನುವವರು ಒಬ್ಬರು, "ಇನ್ನ ಮ್ಯಾಲ ಟಿಕೀಟು ತಗೀಲಿಲ್ಲಂದ್ರ ತಲೀನ ಹೋಗ್ತೈತ್ರೋ" ಅನ್ನುವವರು ಇನ್ನೊಬ್ಬರು. ಒಂದು ಲಾಭವೂ ಆಯಿತು. ಬಾಗಿಲಲ್ಲಿ ಜೋತುಬೀಳುವ ಹುಡುಗರು ನಾನು ಚೀಲದ ಕಡೆ ನೋಡಿದರೆ ಸಾಕು, ಒಳಗೆ ಬಂದು ಕೂಡುತ್ತಿದ್ದರು.

ದೇಗಾಂವದ ಒಬ್ಬ ಅಜ್ಜನಿಗೆ ಮಾತ್ರ ನೋಡಲೇಬೇಕಿತ್ತು. ತೆಗೆದು ತೋರಿಸಿದೆ. ಅಜ್ಜ ಅಂಚಿನ ಮೇಲೆ ಬೆರಳಾಡಿಸಿದ, ತುದಿಯ ಗುಂಡಿ ಒತ್ತಿದ, ಮುಖ ಸಿಂಡರಿಸಿದ.

"ಇದ್ರಲೆ ಒಂದು ಬದನಿಕಾಯಿ ಹೆಚ್ಚಾಕೂ ಬರೂದಿಲ್ಲಲ್ಲವಾ."

"ಹೆಚ್ಚೂದಲ್ರಿ ಅಜ್ಜಾರ, ಇದ್ರಲೆ ಎದುರಿನಾವ್ರನ್ನ ಮುಟ್ಟೂದಷ್ಟ."

ಅಜ್ಜ ಕತ್ತಿಯನ್ನು ವಾಪಸ್ಸು ಕೊಟ್ಟು, ನನ್ನನ್ನು ಬಹಳ ಕನಿಕರದಿಂದ ನೋಡಿದ. "ಬರೇ ಮುಟ್ಟಾಕ ಇಷ್ಟ ಉದ್ದಂದು ಯಾಕವಾ? ದೇವರು ಕೈ ಕೊಟ್ಟಿಲ್ಲೇನು?"

೫. ಲಿಂಬೆಹಣ್ಣು

ದಸರೆಯ ರಜೆಗೆ ಸರ್ ತಂಡದ ನಾಲ್ಕೂ ಕತ್ತಿಗಳನ್ನು ನಮ್ಮ ಮನೆಯಲ್ಲಿ ಇಟ್ಟು ಊರಿಗೆ ಹೋದರು. ಖಂಡೆ ಪೂಜೆಯ ದಿನ ನಮ್ಮ ಭಾಗದಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರು, ಹೊಲಿಗೆ ಮಷಿನ್ನು ಎಲ್ಲಕ್ಕೂ ಪೂಜೆ. ನನ್ನ ವಿಸಿಲ್ಲಿಗೂ ಕುಂಕುಮ ಬೀಳುತ್ತದೆ, ಮರುದಿನ ಊದಿದರೆ ತುಟಿಯೆಲ್ಲ ಕೆಂಪು. ಇನ್ನು ಖರೆ ಕತ್ತಿಗಳೇ ಮನೆಗೆ ಬಂದಿರುವಾಗ ನಮ್ಮ ಅತ್ತೆ ಬಿಡುತ್ತಾರೆಯೇ? ಪಂದ್ಯಕ್ಕೆ ಹೋಗುವುದನ್ನು ಮೊದಲು 'ಗಂಡಬೀರಿ ಆಟ' ಅಂದಿದ್ದ ಅತ್ತೆ ಆ ದಿನ ಮಡಿ ಉಟ್ಟು, ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬರೇ ಕೂತು ಪೂಜೆ ಮಾಡಿದರು. ನನಗಂತೂ ಕಣ್ಣು ತುಂಬಿ ಬಂತು.

ಪಂದ್ಯದ ದಿನ ರಾಮದುರ್ಗಕ್ಕೆ ಅತ್ತೆಯೂ ಬಂದರು, ಮುಂದಿನ ಸಾಲಿನಲ್ಲೇ ಕೂತರು. ಆಟಕ್ಕೆ ಮುಂಚೆ ರೆಫ್ರಿ ಪ್ರತಿ ಕತ್ತಿಯನ್ನೂ ಪೆಟ್ಟಿಗೆಗೆ ಜೋಡಿಸಿ ಪರೀಕ್ಷೆ ಮಾಡುತ್ತಾರೆ. ನಮ್ಮ ಮೊದಲನೆಯ ಕತ್ತಿ ಜೋಡಿಸಿದರು. ಯಾರೂ ಯಾರನ್ನೂ ಮುಟ್ಟದೆ ದೀಪ ಹತ್ತಿತು, ಹತ್ತಿಯೇ ಇತ್ತು. ಎರಡನೆಯದಕ್ಕೂ ಹತ್ತಿತು. ಮೂರನೆಯದು, ನಾಲ್ಕನೆಯದು, ಅದೇ ಹಾಡು. ರೆಫ್ರಿ ತುದಿಯನ್ನು ಮೂಗಿನ ಹತ್ತಿರ ಹಿಡಿದರು.

"ಇದಕ್ಕ ಏನ ಹಚ್ಚೀರಿ?"

ಮುಂದಿನ ಸಾಲಿನಿಂದ ಅತ್ತೆ ಗಟ್ಟಿಯಾಗಿ ಹೇಳಿದರು: "ಎಳ್ಳೆಣ್ಣಿ ಹಚ್ಚೇನ್ರಿ, ಎಲ್ಲವ್ವನ ಭಂಡಾರ ಹಚ್ಚೇನ್ರಿ, ಕುಂಕುಮ ಹಚ್ಚೇನ್ರಿ. ತುದೀಗೆ ಒಂದೊಂದು ಲಿಂಬಿಹಣ್ಣ ಚುಚ್ಚೇನ್ರಿ. ತುದಿ ಮೊಂಡ ಇತ್ತು, ಜರಾ ಒತ್ತೊತ್ತಿ ತಿರುವೇನಿ."

ಗುಂಡಿಗಳು ಎಣ್ಣೆ, ಭಂಡಾರದ ಅರಿಷಿಣ ಕಲೆತ ಕೆಸರಿನಲ್ಲಿ ಒಳಗೇ ಹೂತುಹೋಗಿದ್ದವು. ಮಗಳ ಮುಖ ಬಿಳುಚಿಕೊಂಡಿತು. ಆಡದೆಯೇ ಮನೆಗೆ ಹೋಗಬೇಕಾಗುತ್ತದೋ ಏನೋ ಅಂದುಕೊಂಡೆ. ಪುಣ್ಯಕ್ಕೆ ನರ್ಸ್ ಬಾಯಿಯ ಚೀಲದಲ್ಲಿ ಹತ್ತಿ, ಸ್ಪಿರಿಟ್ ಇತ್ತು. ಸೂಜಿ ಚುಚ್ಚುವ ಮುಂಚೆ ಒರೆಸುವಂತೆ ಒರೆಸಿ, ತಿಕ್ಕಿ, ಊದಿ ಮೂರು ಕತ್ತಿ ಬದುಕಿಸಿದರು. ನನ್ನದು ಮಾತ್ರ ಏಳಲಿಲ್ಲ. "ಅಕ್ಕಾರದು ಬಿಡ್ರಿ, ಅವ್ರೇನ ಆಡಾವ್ರಲ್ಲ" ಅಂತ ಸರ್ ಅದನ್ನು ಗೋಡೆಗೆ ಆನಿಸಿಟ್ಟರು.

ಅತ್ತೆಗೆ ಇದು ಒಂಚೂರೂ ಸರಿಬರಲಿಲ್ಲ. ಪಕ್ಕದವರಿಗೆ ಹೇಳುತ್ತಿದ್ದರು: "ಮುಟ್ಟದನ ದೀಪಾ ಹತ್ತೂ ಕತ್ತಿ ಮಾಡಿ ಕೊಟ್ಟೇನಿ. ಅದನ್ನ ತಿಕ್ಕಿ ತಿಕ್ಕಿ ಕೆಡಿಸಿದ್ರು, ಈಗಿನ ಮಂದಿ."

೬. ಇರ್ಲಿ ಬಿಡವಾ

ಬೆಳಿಗ್ಗೆ ಸವದತ್ತಿಯವರನ್ನು ಸೋಲಿಸಿದೆವು. ರಾಮದುರ್ಗದವರು ಕಿತ್ತೂರನ್ನು ಸೋಲಿಸಿದರು. ಮಧ್ಯಾಹ್ನ ನಮಗೂ ರಾಮದುರ್ಗಕ್ಕೂ ಕೊನೆಯ ಪಂದ್ಯ. ಒಬ್ಬರಾದ ಮೇಲೊಬ್ಬರು ಆಡುತ್ತಾ ಅಂಕ ಕೂಡಿಸುತ್ತಾ ಹೋಗಬೇಕು, ಮೊದಲು ನಲವತ್ತೈದು ಮುಟ್ಟಿದ ತಂಡ ಗೆದ್ದಂತೆ. ನನ್ನ ಮಗಳು ಆ ದಿನ ಆಡಿದ ಆಟ ನೋಡಿ ನನಗೇ ಇವಳನ್ನು ಹೆತ್ತವಳು ನಾನೇನಾ ಅನ್ನಿಸಿತು. ನಾವು ನಲವತ್ತು, ಅವರು ಮೂವತ್ತೇಳು. ಉಳಿದದ್ದು ಕಾಲೇಜಿನ ಹುಡುಗಿಯ ಕೊನೆಯ ಸುತ್ತು. ಅವಳು ಅದರ ಹಿಂದಿನ ಸುತ್ತಿನಲ್ಲೇ ಕಾಲು ಉಳುಕಿಸಿಕೊಂಡಿದ್ದಳು. ಎದ್ದು ನಿಲ್ಲಲು ಹೋಗಿ "ಅಯ್ಯಯ್ಯೋ" ಅಂತ ಕೂತುಬಿಟ್ಟಳು. ನರ್ಸ್ ಬಾಯಿ ಪಾದ ನೋಡಿ ತಲೆ ಅಲ್ಲಾಡಿಸಿದರು.

ಸರ್ ನನ್ನ ಕಡೆ ತಿರುಗಿದರು. ನಾನು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಅಂತ ನೋಡಿದೆ. ಗೋಡೆ ಇತ್ತು.

ಮಗಳು ತನ್ನ ಕತ್ತಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬಾಯಿ ತೆರೆಯಲಿಲ್ಲ, ಷರತ್ತು ಇತ್ತಲ್ಲ.

ಎದುರಾಳಿ ಇಪ್ಪತ್ತೈದರ ಒಬ್ಬ ಶಾಲೆ ಟೀಚರು. ಎತ್ತರ ನೋಡಿದರೆ ನಮ್ಮ ಬಸ್ಸಿನಲ್ಲಿ ಬಾಗಿಯೇ ನಿಲ್ಲಬೇಕು. ನಾನು ಎಂದಿನಂತೆ ಉದ್ದ ವಂದನೆ ಮಾಡಿದೆ, ರೆಫ್ರಿ ಎರಡು ಸಲ ಕೆಮ್ಮಿದರು. ಆಟ ಶುರುವಾಗಿ ಉಸಿರು ಬಿಡುವುದರೊಳಗೆ ಆಕೆ ಐದು ಅಂಕ ಹೊಡೆದಳು. ನಾವು ನಲವತ್ತು, ಅವರು ನಲವತ್ತೆರಡು. ಹಾಲ್ ತುಂಬ ರಾಮದುರ್ಗದವರ ಚಪ್ಪಾಳೆ. ಮಗಳ ಹಾಸ್ಟೆಲ್ಲು ನನ್ನ ಕೈಯಲ್ಲೇ ಮುರಿದು ಬೀಳುತ್ತಿದೆ ಅನ್ನಿಸಿ ಅಳು ಬಂತು.

ಆಗ ಹಿಂದಿನಿಂದ ಒಂದು ಕೂಗು. ನನ್ನ ದನಿಯೇ, ಆದರೆ ಇಪ್ಪತ್ತೈದು ವರ್ಷ ಚಿಕ್ಕದು.

"ಅವ್ವಾ! ಬಸ್ಸಿನ್ಯಾಗ ನಿಂತಂಗ ನಿಂದರು! ನೀ ಕಂಡಕ್ಟರ್ ಅದಿ!"

ನಾಲ್ಕು ತಾಲೂಕಿನ ಮಂದಿಯ ಮುಂದೆ ಕೂಗಿದ್ದಳು. ಅಷ್ಟು ಸಾಕಾಯಿತು. ಮೊಣಕಾಲು ಬಗ್ಗಿಸಿದೆ, ಪಾದ ಊರಿದೆ, ಟಿಕೆಟ್ ಕೇಳುವವಳಂತೆ ಕೈ ಚಾಚಿ ನಿಂತುಬಿಟ್ಟೆ. ಟೀಚರು ನುಗ್ಗಿ ಬಂದವರು ತಾವೇ ಬಂದು ನನ್ನ ಕತ್ತಿಯ ತುದಿಗೆ ತಾಗಿದರು. ಒಂದು. ಮತ್ತೆ ನುಗ್ಗಿದರು, ಮತ್ತೆ ತಾಗಿದರು. ಆಕೆಯೂ ಎರಡು ಹೊಡೆದಳು, ನಾನು ನಾಲ್ಕು. ನಲವತ್ತನಾಲ್ಕು, ನಲವತ್ತನಾಲ್ಕು. ಉಳಿದದ್ದು ಒಂದೇ ಅಂಕ.

ಟೀಚರು ಉಪಾಯ ಬದಲಿಸಿ ನನ್ನ ಕಾಲಿಗೆ ಗುರಿಯಿಟ್ಟು ಬಗ್ಗಿ ನುಗ್ಗಿದರು. ಬ್ರೇಕು ಬಿದ್ದಂತೆ ನಾನು ಪಾದ ಹಿಂದೆ ಸೆಳೆದೆ. ಕತ್ತಿ ತಪ್ಪಿತು, ಆದರೆ ಓಟ ನಿಲ್ಲದೆ ಆಕೆಯ ಬೂಟುಗಾಲು ಬಂದು ನನ್ನ ಪಾದವನ್ನು ಗಟ್ಟಿಯಾಗಿ ತುಳಿಯಿತು. ತನಗಿಂತ ಹಿರಿಯಳಿಗೆ ಕಾಲು ತಾಗಿತು! ಆಕೆ ಕತ್ತಿಯನ್ನು ಮರೆತಳು, ಪಂದ್ಯವನ್ನು ಮರೆತಳು. "ತಪ್ಪಾತ್ರಿ ಅಕ್ಕಾರ" ಅಂತ ಸರಕ್ಕನೆ ಬಾಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದಳು. ಬೆರಳು ಮಾಸ್ಕಿಗೆ ಬಡಿಯಿತು.

ನಾನೇನು ಮಾಡಲಿ? ಹದಿಮೂರು ವರ್ಷದ ರೂಢಿ. "ಇರ್ಲಿ ಬಿಡವಾ ತಂಗಿ, ಮುಂದ ಹೋಗು" ಅಂತ ಭುಜ ಮುಟ್ಟಲು ಕೈ ಚಾಚಿದೆ. ಆ ಕೈಯಲ್ಲಿ ಕತ್ತಿ ಇತ್ತು. ಆಕೆ ಏಳುವುದಕ್ಕೂ ನಾನು ಚಾಚುವುದಕ್ಕೂ ಸರಿಹೋಯಿತು. ನಮ್ಮ ದೀಪ ಹತ್ತಿತು.

ಗದ್ದಲವೋ ಗದ್ದಲ. ರಾಮದುರ್ಗದವರು "ಅದು ಆಟ ಅಲ್ರಿ, ನಮಸ್ಕಾರ!" ಅಂದರು. ನಮ್ಮ ಸರ್ "ನಮಸ್ಕಾರನ ಇರ್ಲಿ, ಆಟ ನಿಂತಿತ್ತೇನ್ರಿ?" ಅಂದರು. ರೆಫ್ರಿ ಸ್ವಲ್ಪ ಹೊತ್ತು ಹಣೆ ಉಜ್ಜಿಕೊಂಡು, "ನಾನು ನಿಲ್ಲಿಸ್ರಿ ಅಂದಿರ್ಲಿಲ್ಲ. ದೀಪಾ ಹತ್ತೇತಿ. ನಲವತ್ತೈದು" ಅಂದರು. ಮಗಳು ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. ಗುರುತಿಲ್ಲದ ಮಂದಿಗೆಲ್ಲ ನನ್ನ ಕಡೆ ಬೆರಳು ಮಾಡಿ "ನಮ್ಮವ್ವರಿ, ಬೈಲಹೊಂಗಲ ಬಸ್ಸಿನ ಕಂಡಕ್ಟರ್ ಅದಾಳ್ರಿ" ಅಂತ ಹೇಳುತ್ತಿದ್ದಳು. ಬೆಳಗಾವಿಯ ದಾರಿ ತೆರೆದದ್ದಕ್ಕಿಂತ ಆ ಒಂದು ಮಾತಿಗೆ ನನ್ನ ಎದೆ ಉಬ್ಬಿತು. ಜಾಕೀಟಿನ ಝಿಪ್ಪು ಹರಿದದ್ದೂ ಆಗಲೇ.

ಆಟ ಮುಗಿದ ಮೇಲೆ ಎದುರಾಳಿಯ ಕೈ ಕುಲುಕಬೇಕು. ನನಗೆ ನಾಚಿಕೆ. ಹತ್ತಿರ ಹೋಗಿ, "ತಂಗಿ, ನಾ ಬೇಕಂತ ಮಾಡಲಿಲ್ಲವಾ, ಆಶೀರ್ವಾದ ಮಾಡಾಕ ಬಂದೆ" ಅಂದೆ.

ಟೀಚರು ಮಾಸ್ಕು ತೆಗೆದು ಭುಜ ತಿಕ್ಕಿಕೊಳ್ಳುತ್ತಾ ನಕ್ಕರು. ಕೈ ಕುಲುಕಿ, ಮೂರು ಹೆಜ್ಜೆ ಹಿಂದೆ ಸರಿದು ನಿಂತು, ಎರಡೂ ಕೈ ಜೋಡಿಸಿದರು.

"ನಿಮ್ಮ ಆಶೀರ್ವಾದ ಭಾಳ ಜೋರ ಐತ್ರಿ ಅಕ್ಕಾರ. ಇನ್ನ ಮ್ಯಾಲ ನಿಮಗ ದೂರದಿಂದನ ನಮಸ್ಕಾರ."